ಟ್ರೆವರ್ ಹಾರ್ನ್ ಕೈಗೆ ಸಿಕ್ಕ ಬೆಲ್ ಅಂಡ್ ಸೆಬಾಸ್ಟಿಯನ್: ‘ಡಿಯರ್ ಕೆಟಾಸ್ಟ್ರಫಿ ವೇಟ್ರೆಸ್’ ಗೆದ್ದದ್ದೆಲ್ಲಿ, ಸೋತದ್ದೆಲ್ಲಿ?

ಕ್ಲೈಡ್‌ತೀರ

ಈ ಆಲ್ಬಮ್ಮಿನ ಹೆಸರೆತ್ತಿದರೆ ಸಾಕು, ಅಭಿಮಾನಿಗಳು ಎರಡು ಪಾಲಾಗುತ್ತಾರೆ. ಒಂದು ಕಡೆ 1996ರಲ್ಲಿ ಗ್ಲಾಸ್ಗೋದ ಸ್ಟೋ ಕಾಲೇಜಿನ ಎಲೆಕ್ಟ್ರಿಕ್ ಹನಿ ಲೇಬಲ್ಲಿಗಾಗಿ ಕೆಲವೇ ದಿನಗಳಲ್ಲಿ ‘ಟೈಗರ್‌ಮಿಲ್ಕ್’ ಮುಗಿಸಿ, ಸಾವಿರ ಎಲ್‌ಪಿ ಮಾತ್ರ ಒತ್ತಿಸಿದ್ದ ಬೆಲ್ ಅಂಡ್ ಸೆಬಾಸ್ಟಿಯನ್ ಬ್ಯಾಂಡ್. ಇನ್ನೊಂದು ಕಡೆ ಬಗಲ್ಸ್, ಎಬಿಸಿ, ಫ್ರಾಂಕಿ ಗೋಸ್ ಟು ಹಾಲಿವುಡ್, ಗ್ರೇಸ್ ಜೋನ್ಸ್ ಅವರ ರೆಕಾರ್ಡುಗಳನ್ನು ಕಟ್ಟಿದ ನಿರ್ಮಾಪಕ ಟ್ರೆವರ್ ಹಾರ್ನ್. ಇವರಿಬ್ಬರೂ ಸೇರಿ ಮಾಡಿದ 12 ಹಾಡು, ಸುಮಾರು 48 ನಿಮಿಷದ ಆಲ್ಬಂ 2003ರ ಅಕ್ಟೋಬರ್‌ನಲ್ಲಿ ರಫ್ ಟ್ರೇಡ್ ಲೇಬಲ್ಲಿನಿಂದ ಹೊರಬಂತು. ಮುಂದಿನ ವರ್ಷ, ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲೂ ಇತ್ತು. ಪ್ರಶಸ್ತಿ ಹೋದದ್ದು ಅದೇ ಗ್ಲಾಸ್ಗೋದ ಫ್ರಾನ್ಸ್ ಫರ್ಡಿನಾಂಡ್‌ಗೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬ್ಯಾಂಡಿನ ಅತ್ಯುತ್ತಮ ಧ್ವನಿಮುದ್ರಣ ಇದೇ. ಪಾಲಿಶ್ ಜಾಸ್ತಿಯಾಯಿತು ಎಂದು ದೂರುವವರು ಕೇಳಿಸಿಕೊಳ್ಳಬೇಕಾದದ್ದು ಹಾಡಿನ ಒಳಗಿನ ಹಂಚಿಕೆ. ಶೀರ್ಷಿಕೆ ಗೀತೆಯನ್ನೇ ತೆಗೆದುಕೊಳ್ಳಿ. ಎರಡೂವರೆ ನಿಮಿಷಕ್ಕೂ ಕಡಿಮೆ. ತಂತಿವಾದ್ಯ, ಟ್ರಂಪೆಟ್ ಎಲ್ಲ ಓಡುತ್ತಲೇ ಇರುತ್ತವೆ, ಆದರೂ ಬ್ಯಾಂಡಿನ ಗಾಯಕ ಸ್ಟುವರ್ಟ್ ಮರ್ಡಾಕ್ ಹಾಡುವ ಒಂದು ಪದವೂ ಮುಳುಗುವುದಿಲ್ಲ. ಸಾಲು ಮುಗಿದ ಜಾಗಕ್ಕೆ ವಾದ್ಯ ಬರುತ್ತದೆ, ಸಾಲು ಶುರುವಾದಾಗ ಹಿಂದೆ ಸರಿಯುತ್ತದೆ. ಹೀಗೆ ಮಾಡಲು ಕಂಪ್ಯೂಟರಿಗಿಂತ ಮೊದಲು ಬೇಕಾದದ್ದು ಸ್ವರ ಬರೆದ ಹಾಳೆ.

ಟೇಪ್‌ಹಿಸ್

ಹಂಚಿಕೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಇದೇ ಬ್ಯಾಂಡಿನ 1996ರ ‘ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್’ ಆಲ್ಬಮ್ಮಿನ ಮೊದಲ ಹಾಡು ‘ದ ಸ್ಟಾರ್ಸ್ ಆಫ್ ಟ್ರ್ಯಾಕ್ ಅಂಡ್ ಫೀಲ್ಡ್’ ಶುರುವಾಗುವ ಬಗೆ ನೋಡಿ. ದನಿ ಪಿಸುಮಾತಿಗಿಂತ ಒಂದಿಷ್ಟೇ ಮೇಲೆ. ಕೇಳುವವರು ತಾವಾಗಿ ಹತ್ತಿರ ಬಗ್ಗಬೇಕು. ವಾದ್ಯಗಳು ಒಂದೊಂದಾಗಿ ಸೇರಿ ಕೊನೆಗೆ ಟ್ರಂಪೆಟ್ ಬಂದಾಗ ಅದು ಎಷ್ಟು ದೊಡ್ಡದಾಗಿ ಕೇಳಿಸುತ್ತದೆ! ಆರಂಭ ಅಷ್ಟು ಸಣ್ಣದಿತ್ತು, ಅದಕ್ಕೇ. ಹಾರ್ನ್ ಆಲ್ಬಮ್ಮಿನ ಮೊದಲ ಹಾಡು ‘ಸ್ಟೆಪ್ ಇಂಟು ಮೈ ಆಫೀಸ್, ಬೇಬಿ’ ಮೊದಲ ಕ್ಷಣದಿಂದಲೇ ಮುಂದೆ ಬಂದು ನಿಲ್ಲುತ್ತದೆ. ಕೇಳುಗನಿಗೆ ಮಾಡಲು ಏನೂ ಉಳಿದಿಲ್ಲ.

ಇದು ರುಚಿಯ ಮಾತು ಮಾತ್ರ ಅಲ್ಲ. ಮರ್ಡಾಕ್ ಬರೆಯುವುದು ಶಾಲೆಯ ಹಿಂದಿನ ಬೆಂಚಿನ ಹುಡುಗರ, ಬಸ್ಸಿನಲ್ಲಿ ಒಬ್ಬರೇ ಕೂತವರ ಹಾಡುಗಳನ್ನು. ಆ ಪಾತ್ರಗಳ ಹಿಂದೆ ಇಡೀ ವಾದ್ಯವೃಂದ ನಿಲ್ಲಿಸಿದರೆ ಅವು ನಾಟಕದ ಪಾತ್ರಗಳಾಗುತ್ತವೆ. ಸುಗಮ ಸಂಗೀತದಲ್ಲಿ ಕವಿತೆ ಮುಂದೆ ಇರಬೇಕೋ ವಾದ್ಯಗೋಷ್ಠಿ ಮುಂದೆ ಇರಬೇಕೋ ಎಂದು ನಮ್ಮಲ್ಲಿ ನಡೆದ ವಾದವೇ ಇದು.

ಮಂದ್ರಸ್ಥಾಯಿ

ಟೇಪ್‌ಹಿಸ್ ಅವರೇ, ಆ ‘ಪಿಸುಮಾತು’ ಎಷ್ಟರಮಟ್ಟಿಗೆ ಆಯ್ಕೆ, ಎಷ್ಟರಮಟ್ಟಿಗೆ ಅನಿವಾರ್ಯ ಎಂಬುದನ್ನು ಬಿಡಿಸಿ ನೋಡಬೇಕು. ಆರಂಭದ ಆಲ್ಬಂಗಳು ಬಹುಪಾಲು ಎಲ್ಲರೂ ಒಟ್ಟಿಗೆ ನುಡಿಸಿ ಮುದ್ರಿಸಿದವು. ಮೆಲುದನಿಯ ಗಾಯಕ ಡ್ರಮ್ಸ್ ಇರುವ ಕೋಣೆಯಲ್ಲೇ ಹಾಡಿದರೆ ಲೆಕ್ಕ ಹೀಗಾಗುತ್ತದೆ. ಮೈಕಿನಿಂದ ಒಂದು ಅಡಿ ದೂರದ ಮೆಲುದನಿ ಸುಮಾರು 70–75 ಡೆಸಿಬೆಲ್. ಎರಡು ಮೀಟರ್ ಆಚೆಯ ಡ್ರಮ್ಸ್ 95 ಡೆಸಿಬೆಲ್‌ಗೆ ಸುಲಭವಾಗಿ ಹೋಗುತ್ತದೆ. ಗಾಯನದ ಮೈಕಿಗೆ ಗಾಯನಕ್ಕಿಂತ ಸ್ನೇರ್ (ಡ್ರಮ್ಸಿನ ಚಟ್ಟೆನ್ನುವ ಡ್ರಮ್) ಜಾಸ್ತಿ ಬೀಳುತ್ತದೆ.

ಆಮೇಲೆ ಮಿಕ್ಸಿನಲ್ಲಿ, ಅಂದರೆ ಎಲ್ಲ ಮೈಕುಗಳ ಧ್ವನಿಯನ್ನು ಹದವಾಗಿ ಬೆರೆಸುವಾಗ, ದನಿಯ ಫೇಡರ್ (ಮಟ್ಟದ ಗುಂಡಿ) ಏರಿಸಿದರೆ ಡ್ರಮ್ಸೂ ಏರುತ್ತದೆ, ಅದೂ ದೂರದ ಡ್ರಮ್ಸ್, ಮಬ್ಬು ಮಬ್ಬಾಗಿ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಎರಡು ಮೀಟರ್ ಅಂದರೆ ಸುಮಾರು 6 ಮಿಲಿಸೆಕೆಂಡ್ ತಡ. ಡ್ರಮ್ಸಿನ ಹತ್ತಿರದ ಮೈಕು ಮತ್ತು ಗಾಯನದ ಮೈಕು ಸೇರಿದಾಗ ಕೆಲವು ಆವರ್ತನಗಳು ಒಂದನ್ನೊಂದು ಕಳೆದುಕೊಂಡು ಸ್ನೇರ್ ಟೊಳ್ಳಾಗುತ್ತದೆ. ದನಿಗೆ ಕಂಪ್ರೆಸರ್ (ಜೋರು ಭಾಗಗಳನ್ನು ತಗ್ಗಿಸಿ ಏರಿಳಿತ ಕಡಿಮೆ ಮಾಡುವ ಸಾಧನ) ಹಾಕಿ 6 ಡೆಸಿಬೆಲ್ ಒತ್ತಿ, ಮತ್ತೆ 6 ಏರಿಸಿದರೆ ಪದಗಳ ನಡುವಿನ ಖಾಲಿ ಜಾಗದಲ್ಲಿ ಡ್ರಮ್ಸ್ ಅಷ್ಟೇ ಎದ್ದು ಬರುತ್ತದೆ. ಹಾಗಾಗಿ ದನಿಯನ್ನು ಹಿಂದೆಯೇ ಬಿಡಬೇಕಾಗುತ್ತದೆ, ಇಲ್ಲವೇ ಡ್ರಮ್ಮರ್ ಮೆತ್ತಗೆ ಬಾರಿಸಬೇಕಾಗುತ್ತದೆ.

‘ಸಿನಿಸ್ಟರ್’ ಹೇಗೆ ಕೇಳಿಸುತ್ತದೆ ಎಂಬುದರ ಬಗ್ಗೆ ಮರ್ಡಾಕ್‌ಗೇ ತೃಪ್ತಿ ಇರಲಿಲ್ಲ. 2005ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ಇಡೀ ಆಲ್ಬಂ ಮತ್ತೆ ನುಡಿಸಿ, ಆ ಮುದ್ರಣವನ್ನು ಬಿಡುಗಡೆ ಮಾಡಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಹಾಡುಗಳ ರಚನೆ ಅದೇ, ದನಿ ಮಾತ್ರ ಮುಂದಿದೆ, ಬೇಸ್‌ಗೆ ಮೈ ಬಂದಿದೆ.

ಟೇಪ್‌ಹಿಸ್

ಕೇಳಿದ್ದೇನೆ. ಬಾರ್ಬಿಕನ್ ಮುದ್ರಣ ತಾಂತ್ರಿಕವಾಗಿ ಮೇಲು, ಆದರೆ ನಾನು ಮತ್ತೆ ಮತ್ತೆ ಹಾಕಿಕೊಳ್ಳುವುದು 1996ರದ್ದನ್ನೇ. ರಚನೆಕಾರನಿಗೆ ತೃಪ್ತಿಯಿಲ್ಲ ಎಂದ ಮಾತ್ರಕ್ಕೆ ಕೇಳುಗರು ಒಪ್ಪಬೇಕಾಗಿಲ್ಲ. ಅನಿವಾರ್ಯತೆಯಿಂದ ಹುಟ್ಟಿದ ಗುಣವೂ ಗುಣವೇ.

ತಂತಿಬಿಲ್ಲು

ಈ ವಾದದಲ್ಲಿ ಒಬ್ಬರ ಹೆಸರು ಇನ್ನೂ ಬಂದಿಲ್ಲ: ಇಸೊಬೆಲ್ ಕ್ಯಾಂಪ್‌ಬೆಲ್. 2002ರಲ್ಲಿ, ಉತ್ತರ ಅಮೆರಿಕದ ಪ್ರವಾಸದ ನಡುವೆಯೇ ಅವರು ಬ್ಯಾಂಡ್ ಬಿಟ್ಟರು. ಹಾರ್ನ್ ಜೊತೆಗಿನ ಆಲ್ಬಂ ಅವರಿಲ್ಲದೆ ಬಂದ ಮೊದಲ ಪೂರ್ಣ ಸ್ಟುಡಿಯೋ ಆಲ್ಬಂ. ಅವರ ಜೊತೆಗೆ ಹೋದದ್ದು ಎರಡು: ಉಸಿರು ಬೆರೆತ ಆ ತೆಳು ದನಿ ಮತ್ತು ಬ್ಯಾಂಡಿನೊಳಗಿನ ಚೆಲ್ಲೊ.

ಚೆಲ್ಲೊದ ಅತ್ಯಂತ ಕೆಳಗಿನ ತಂತಿ ಸುಮಾರು 65 ಹರ್ಟ್ಸ್, ಪಿಟೀಲಿನದು 196. ಮರ್ಡಾಕ್‌ನ ದನಿ ಓಡಾಡುವ ಜಾಗದಲ್ಲೇ ಚೆಲ್ಲೊ ಓಡಾಡುತ್ತದೆ. ಹಾಗಾಗಿ ಹಳೆಯ ಹಾಡುಗಳಲ್ಲಿ ಅದು ದನಿಯ ಜೊತೆಗೇ ನಡೆಯುವ ಎರಡನೇ ದನಿಯಂತೆ ಕೇಳುತ್ತದೆ. ಆ ಜಾಗ ಖಾಲಿಯಾದಾಗ ತಂತಿಗಳು ಮೇಲಕ್ಕೆ ಹೋದವು, ಟ್ರಂಪೆಟ್ ಮತ್ತು ಎಲೆಕ್ಟ್ರಿಕ್ ಗಿಟಾರ್ ಮುಂದೆ ಬಂದವು. ನೀವೆಲ್ಲ ‘ಹಾರ್ನ್ ಹೊಳಪು’ ಅನ್ನುತ್ತಿರುವುದರಲ್ಲಿ ದೊಡ್ಡ ಪಾಲು ಈ ಬದಲಾವಣೆ. ನಿರ್ಮಾಪಕನ ತಲೆಗೆ ಕಟ್ಟುವ ಮೊದಲು ಯಾರು ನುಡಿಸುತ್ತಿದ್ದಾರೆ ನೋಡಿ. 2000ದಲ್ಲೇ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಡೇವಿಡ್ ಹೋಗಿದ್ದರು, ಆಮೇಲೆ ಬಾಬಿ ಕಿಲ್ಡೇ ಬಂದರು. ‘ಇಫ್ ಶಿ ವಾಂಟ್ಸ್ ಮಿ’ ಹಾಡಿನ ಸೋಲ್ ಸಂಗೀತದ (soul) ನಡಿಗೆ 1996ರ ತಂಡದಿಂದ ಬರುವಂಥದ್ದಲ್ಲ.

ಕ್ಲೈಡ್‌ತೀರ

ತಂತಿಬಿಲ್ಲು ಅವರ ಮಾತಿಗೆ ಒಂದು ಸೇರಿಕೆ. ಹೊರಗಿನ ನಿರ್ಮಾಪಕರನ್ನು ಕರೆದದ್ದೂ ಇದೇ ಮೊದಲಲ್ಲ. 2001ರ ‘ಐ ಆಮ್ ವೇಕಿಂಗ್ ಅಪ್ ಟು ಅಸ್’ ಸಿಂಗಲ್‌ಗೆ ಮೈಕ್ ಹರ್ಸ್ಟ್ ಇದ್ದರು. ದೊಡ್ಡ ತಂತಿವಾದ್ಯದ ಕಡೆ ಬ್ಯಾಂಡ್ ಆಗಲೇ ಹೊರಟಿತ್ತು. ಹಾರ್ನ್ ಬಂದು ದಿಕ್ಕು ತಿರುಗಿಸಿದರು ಅನ್ನುವುದು ತಪ್ಪು. ಅವರು ಹೊರಟಿದ್ದ ದಿಕ್ಕಿಗೆ ರಸ್ತೆ ಮಾಡಿಕೊಟ್ಟರು.

ಬಿ‌ಸೈಡ್

ಆಲ್ಬಂ ಒಂದೇ ಅಳತೆಯಲ್ಲಿ ಪಾಲಿಶ್ ಆಗಿದೆ ಎಂಬಂತೆ ಎಲ್ಲರೂ ಮಾತಾಡುತ್ತಿದ್ದೀರಿ. ನಾಲ್ಕನೇ ಹಾಡು ‘ಪಿಯಾಜಾ, ನ್ಯೂಯಾರ್ಕ್ ಕ್ಯಾಚರ್’ ಒಂದು ಅಕೂಸ್ಟಿಕ್ ಗಿಟಾರ್, ಒಂದು ದನಿ, ಅಷ್ಟೇ. ಅದನ್ನು ಮುಟ್ಟದೆ ಬಿಟ್ಟದ್ದೂ ಅದೇ ಹಾರ್ನ್. ಮೂರು ತುಂಬಿದ ಹಾಡುಗಳ ನಂತರ ಅದು ಬರುತ್ತದೆ, ಆಮೇಲೆ ಸಾರಾ ಮಾರ್ಟಿನ್ ಹಾಡುವ ‘ಅಸ್ಲೀಪ್ ಆನ್ ಅ ಸನ್‌ಬೀಮ್’. ಸಿಂಗಲ್ಲುಗಳನ್ನಷ್ಟೇ ಕೇಳಿದವರಿಗೆ ಈ ಏರಿಳಿತ ಸಿಗುವುದೇ ಇಲ್ಲ.

ನನಗೆ ಸೋತಂತೆ ಕಾಣುವ ಹಾಡು ‘ಲಾರ್ಡ್ ಆಂಟನಿ’. ಶಾಲೆಯಲ್ಲಿ ಹಿಂಸೆಗೊಳಗಾಗುವ ಹುಡುಗನ ಹಾಡು, ಆಲ್ಬಮ್ಮಿಗಿಂತ ವರ್ಷಗಳ ಹಿಂದೆಯೇ ಬರೆದದ್ದು. ಇಲ್ಲಿ ತಂತಿವಾದ್ಯ ನಮ್ಮನ್ನು ಎಲ್ಲಿ ಮರುಗಬೇಕು ಎಂದು ಕೈಹಿಡಿದು ಕರೆದೊಯ್ಯುತ್ತದೆ. ಸಾಹಿತ್ಯ ತಾನೇ ಆ ಕೆಲಸ ಮಾಡುತ್ತಿತ್ತು. ಇಲ್ಲಿ ಟೇಪ್‌ಹಿಸ್ ಅವರ ಪಕ್ಷ ನನ್ನದು.

ಮೋನೋಮನೆ

ನಿಜವಾಗಿ ಹೋಲಿಸಬೇಕು ಅನ್ನುವವರಿಗೆ ಒಂದು ಕೆಲಸ ಮೊದಲು: ಧ್ವನಿಮಟ್ಟ ಸರಿದೂಗಿಸಿ. ಎರಡು ಆಲ್ಬಮ್ಮಿನ ನಡುವೆ ಒಂದೆರಡು ಡೆಸಿಬೆಲ್ ವ್ಯತ್ಯಾಸ ಇದ್ದರೂ ಕಿವಿ ಜೋರಿರುವುದನ್ನೇ ‘ಸ್ಪಷ್ಟ’, ‘ತುಂಬಿದೆ’ ಅನ್ನುತ್ತದೆ. 1996ರ ಸಿಡಿ ಮತ್ತು 2003ರ ಸಿಡಿ ನಡುವೆ ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಧ್ವನಿ ಹೊಂದಾಣಿಕೆ) ಅಭ್ಯಾಸಗಳೇ ಬದಲಾಗಿದ್ದವು. ಹಾಗಾಗಿ ಪಾಲಿಶ್ ಅಂದುಕೊಂಡದ್ದು ಬರೀ ಜೋರು ಆಗಿರಬಹುದು.

ಅಡಾಸಿಟಿ ಎಂಬ ಉಚಿತ ಧ್ವನಿ ಸಂಪಾದನೆ ತಂತ್ರಾಂಶದಲ್ಲಿ ಮಾಡುವ ಬಗೆ: ಎರಡೂ ಹಾಡುಗಳನ್ನು ಸಿಡಿಯಿಂದ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ತೆಗೆದುಕೊಳ್ಳಿ. ಎಂಪಿ3 ಬೇಡ. ಎರಡನ್ನೂ ತೆರೆದು, ಒಂದೊಂದನ್ನೇ ಆಯ್ದುಕೊಂಡು, ಎಫೆಕ್ಟ್ ಪಟ್ಟಿಯಲ್ಲಿರುವ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಮೈನಸ್ 18 ಲಫ್ಸ್ (LUFS, ಕಿವಿಗೆ ಕೇಳುವ ಜೋರಿನ ಅಳತೆ) ಕೊಡಿ. ಮೈನಸ್ 14 ಕೊಡಬೇಡಿ: ಏರಿಳಿತ ಜಾಸ್ತಿ ಇರುವ ಹಳೆಯ ಹಾಡನ್ನು ಅಷ್ಟು ಮೇಲೆತ್ತಿದರೆ ಶಿಖರಗಳು ಸೊನ್ನೆ (ಡಿಜಿಟಲ್ ಧ್ವನಿಯ ಗರಿಷ್ಠ ಮಿತಿ) ದಾಟಿ ಕತ್ತರಿಸಿಹೋಗುತ್ತವೆ, ಆಮೇಲೆ ‘ಹಳೆಯದು ಒಡಕು’ ಎಂಬ ತಪ್ಪು ತೀರ್ಮಾನ. 24 ಬಿಟ್ ವೇವ್ ಆಗಿ ಉಳಿಸಿ, ಪ್ಲೇಯರಿನ ವಾಲ್ಯೂಮ್ ಮುಟ್ಟದೆ ಕೇಳಿ.

ಇಲ್ಲೂ ಒಂದು ಎಡವಟ್ಟು ಇದೆ. ಟೇಪ್‌ಹಿಸ್ ಹೇಳಿದ ‘ಸ್ಟಾರ್ಸ್ ಆಫ್ ಟ್ರ್ಯಾಕ್ ಅಂಡ್ ಫೀಲ್ಡ್’ ಥರದ ಹಾಡು ಸಣ್ಣದಾಗಿ ಶುರುವಾಗಿ ಬೆಳೆಯುತ್ತದೆ. ಇಡೀ ಹಾಡಿನ ಸರಾಸರಿ ಹಿಡಿದು ಸರಿದೂಗಿಸಿದರೆ ಅದರ ಕೊನೆಯ ಭಾಗ ‘ಆಫೀಸ್’ ಹಾಡಿನ ಪಲ್ಲವಿಗಿಂತ ಜೋರಾಗಿಬಿಡುತ್ತದೆ. ದನಿ ಮತ್ತು ಡ್ರಮ್ಸ್ ಎರಡೂ ಇರುವ 30 ಸೆಕೆಂಡಿನ ತುಂಡನ್ನು ಎರಡೂ ಹಾಡಿನಿಂದ ಕತ್ತರಿಸಿ, ಆ ತುಂಡುಗಳನ್ನಷ್ಟೇ ಸರಿದೂಗಿಸಿ.

ಟೇಪ್‌ಹಿಸ್

ಉಪಯುಕ್ತ. ಆದರೆ ಸಣ್ಣ ಆರಂಭವೇ ಹಾಡಿನ ಜೀವ ಅನ್ನುವವನಿಗೆ ಅದನ್ನು ಕತ್ತರಿಸಿ ಹೋಲಿಸಿ ಅಂದರೆ ಹೇಗೆ?

ಮೋನೋಮನೆ

ತುಂಡಿನಿಂದ ಮಿಕ್ಸಿನ ಗುಣ ತಿಳಿಯುತ್ತದೆ, ಹಾಡಿನ ಗುಣಕ್ಕೆ ಇಡೀ ಹಾಡೇ ಬೇಕು. ತುಂಡಿನಿಂದ ಸಿಕ್ಕ ಡೆಸಿಬೆಲ್ ವ್ಯತ್ಯಾಸ ಬರೆದಿಟ್ಟುಕೊಂಡು, ಅಷ್ಟನ್ನೇ ಇಡೀ ಹಾಡಿಗೆ ಹಾಕಿ ಮೊದಲಿನಿಂದ ಕೇಳಿ. ಆಗ ನಿಮ್ಮ ಪಿಸುಮಾತು ಪಿಸುಮಾತಾಗಿಯೇ ಉಳಿಯುತ್ತದೆ.

ಎಲ್‌ಪಿಯಲ್ಲಿ ಕೇಳುವವರಿಗೂ ಒಂದು ಮಾತು. 48 ನಿಮಿಷದ ಸಂಗೀತವನ್ನು ಒಂದೇ ತಟ್ಟೆಗೆ ಹಾಕಿದರೆ ಒಂದು ಬದಿಗೆ 24 ನಿಮಿಷ. 20–22 ನಿಮಿಷ ದಾಟಿದರೆ ಕೆತ್ತುವ ಮಟ್ಟ ತಗ್ಗಿಸಲೇಬೇಕು, ಬೇಸ್ ಸ್ವಲ್ಪ ಬಿಟ್ಟುಕೊಡಬೇಕು. 33⅓ ಸುತ್ತಿನ ತಟ್ಟೆಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಸರಿಯುತ್ತದೆ, ಒಳ ಅಂಚಿಗೆ ಬಂದಾಗ 21 ಮಾತ್ರ. ಟ್ರಂಪೆಟ್ಟಿನ ಚೂಪು, ‘ಸ’ಕಾರದ ಸೀಳು ಅಲ್ಲಿಗೆ ಬಂದರೆ ಕರಕರ ಅನ್ನುತ್ತದೆ. ಅದು ಮಿಕ್ಸಿನ ದೋಷ ಅಲ್ಲ. ಸಿಡಿಯ ಅದೇ ಹಾಡನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಗಾಳಿಕೊಳವೆ

ಎರಡು ಮುದ್ರಣಗಳನ್ನು ಹೋಲಿಸಲು ಫೂಬಾರ್2000 ಪ್ಲೇಯರಿನ ಎಬಿಎಕ್ಸ್ ಪರೀಕ್ಷೆ (ಹೆಸರು ಮುಚ್ಚಿಟ್ಟು ಕೇಳಿಸಿ, ಯಾವ ಪ್ರತಿ ಎಂದು ಗುರುತಿಸುವುದು) ಸಾಕಲ್ಲವೇ?

ಮೋನೋಮನೆ

ಒಂದೇ ಹಾಡಿನ ಎರಡು ಪ್ರತಿಗೆ ಮಾತ್ರ. ಸಿಡಿ ಮತ್ತು ಸ್ಟ್ರೀಮಿಂಗ್ ನಡುವೆ ವ್ಯತ್ಯಾಸ ಇದೆಯೇ ಎಂದು ನೋಡಲು 16 ಸುತ್ತು ಮಾಡಿ. 12 ಸರಿ ಬಂದರೆ ಅದು ಊಹೆಯಿಂದ ಬಂದಿರುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ. ಬೇರೆ ಬೇರೆ ಹಾಡಿಗೆ ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ, ಯಾವುದು ಯಾವುದೆಂದು ಯಾರು ಬೇಕಾದರೂ ಹೇಳುತ್ತಾರೆ.

ಮಂದ್ರಸ್ಥಾಯಿ

‘ಐ ಆಮ್ ಅ ಕುಕೂ’ ಹಾಡಿಗೆ ಬರೋಣ, ಏಕೆಂದರೆ ಈ ಆಲ್ಬಮ್ಮಿನ ಪರ ನನ್ನ ದೊಡ್ಡ ಸಾಕ್ಷಿ ಅದು. ಬ್ರಿಟನ್ನಿನ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಹೋದ ಸಿಂಗಲ್. ಆರಂಭದ ಜೋಡಿ ಗಿಟಾರ್ ಐರಿಶ್ ರಾಕ್ ಬ್ಯಾಂಡ್ ಥಿನ್ ಲಿಜ್ಜಿಯ ರೀತಿಯದು, ಸಾಹಿತ್ಯದಲ್ಲೂ ಆ ಬ್ಯಾಂಡಿನ ಹೆಸರು ಬರುತ್ತದೆ. ಎರಡು ಗಿಟಾರ್ ಒಂದೇ ರಾಗವನ್ನು ಮೂರನೇ ಸ್ವರದ ಅಂತರದಲ್ಲಿ ನುಡಿಸುವಾಗ ಶ್ರುತಿ ಚೂರು ತಪ್ಪಿದರೂ ಹುಳಿಯಾಗುತ್ತದೆ, ತಂತಿ ಎಳೆದು ಸ್ವರ ಏರಿಸುವ ಜಾಗದಲ್ಲಂತೂ ಇಬ್ಬರೂ ಒಂದೇ ವೇಗದಲ್ಲಿ ಎಳೆಯಬೇಕು. ‘ಟೈಗರ್‌ಮಿಲ್ಕ್’ ಥರ ಕೆಲವೇ ದಿನಗಳಲ್ಲಿ ಇಡೀ ಆಲ್ಬಂ ಮುಗಿಸುವಾಗ ಇದಕ್ಕೆ ಪುರುಸೊತ್ತು ಸಿಗುವುದಿಲ್ಲ. ಇಲ್ಲಿ ಸಿಕ್ಕಿದೆ, ಅದು ಹಾಡಿನ ಸಂತೋಷದ ಭಾಗವೇ ಆಗಿದೆ.

ಇನ್ನು ಟ್ರಂಪೆಟ್. ಟ್ರಂಪೆಟ್, ಎಲೆಕ್ಟ್ರಿಕ್ ಗಿಟಾರ್, ಮನುಷ್ಯನ ದನಿಯ ವ್ಯಂಜನಗಳು ಮೂರೂ 2ರಿಂದ 4 ಕಿಲೋಹರ್ಟ್ಸ್ ಪಟ್ಟಿಗೆ ಜಗಳಾಡುತ್ತವೆ. ಈಕ್ವಲೈಸರ್ ತಿರುಗಿಸಿ ಇದನ್ನು ಬಗೆಹರಿಸಲು ಹೋದವರು ಮೂರನ್ನೂ ತೆಳ್ಳಗೆ ಮಾಡಿ ಕೂರುತ್ತಾರೆ. ಸರಿಯಾದ ಪರಿಹಾರ ಕಾಲದಲ್ಲಿ ಬೇರ್ಪಡಿಸುವುದು: ದನಿ ಇರುವಾಗ ಟ್ರಂಪೆಟ್ ಉದ್ದ ಸ್ವರ ಹಿಡಿಯಬಾರದು, ಹಿಡಿದರೂ ಕೆಳಗಿನ ಸ್ಥಾಯಿಯಲ್ಲಿ, ಮೆಲ್ಲಗೆ. ಮಿಕ್ ಕುಕ್ ಆಗ ಬ್ಯಾಂಡಿನೊಳಗಿನ ಟ್ರಂಪೆಟ್ ವಾದಕರಾಗಿದ್ದರು, ಹಾಡಿನ ಮಾತು ಬಲ್ಲವರು. ಹೊರಗಿನಿಂದ ಬಾಡಿಗೆಗೆ ಬಂದವರ ಟ್ರಂಪೆಟ್ಟಿಗೂ ಇದಕ್ಕೂ ವ್ಯತ್ಯಾಸ ಕೇಳುತ್ತದೆ.

ತಂತಿಬಿಲ್ಲು

ಆ ಸಿಂಗಲ್ಲಿನ ಜೊತೆ ಬಂದ, ಆಸ್ಟ್ರೇಲಿಯಾದ ಅವಲಾಂಚಸ್ ತಂಡದ ಮರುರೂಪವನ್ನೂ ಕೇಳಿ. ದಕ್ಷಿಣ ಸುಡಾನಿನ ಗಾಯಕ ವಾದಕರ ಜೊತೆ ಮಾಡಿದ್ದು. ಗಿಟಾರ್ ಜೋಡಿ, ದೊಡ್ಡ ಮಿಕ್ಸ್ ಎಲ್ಲ ತೆಗೆದರೂ ಆ ರಾಗ ನಿಲ್ಲುತ್ತದೆ. ಪಾಲಿಶ್ ಹಿಂದೆ ಬಡ ಹಾಡು ಅಡಗಿದೆ ಅನ್ನುವವರಿಗೆ ಅದು ಉತ್ತರ.

ಬಿ‌ಸೈಡ್

2006ರ ‘ದ ಲೈಫ್ ಪರ್ಸ್ಯೂಟ್’ ಜೊತೆ ಇಟ್ಟು ನೋಡಿದರೆ ಹಾರ್ನ್ ಆಲ್ಬಮ್ಮಿನ ದೌರ್ಬಲ್ಯ ಕಾಣುತ್ತದೆ. ಅದಕ್ಕೆ ಟೋನಿ ಹಾಫರ್ ನಿರ್ಮಾಪಕ, ಮುದ್ರಣ ಲಾಸ್ ಏಂಜಲೀಸ್. ಅದೂ ಪಾಲಿಶ್ ಆದ ಆಲ್ಬಮ್ಮೇ, ಆದರೆ ಒಣ ಪಾಲಿಶ್: ಡ್ರಮ್ಸ್ ಹತ್ತಿರ, ಗುಂಯ್‌ಗುಡಿಕೆ ಕಡಿಮೆ, ಕೀಬೋರ್ಡ್ ಚುರುಕು. ಆರೇಳು ಜನ ಕೋಣೆಯಲ್ಲಿ ನಿಂತು ನುಡಿಸುವಂತೆ ಕೇಳುತ್ತದೆ. ಹಾರ್ನ್ ಆಲ್ಬಮ್ಮಿನಲ್ಲಿ ಪ್ರತಿ ಹಾಡೂ ಬೇರೆ ಕಟ್ಟಡ: ಒಂದು ಅರವತ್ತರ ದಶಕದ ಸೋಲ್, ಒಂದು ಸಿನಿಮಾ ವಾದ್ಯವೃಂದ, ಕೊನೆಗೆ ಆರೂವರೆ ನಿಮಿಷ ಮೀರುವ ‘ಸ್ಟೇ ಲೂಸ್’ ನ್ಯೂ ವೇವ್ ಕಡೆಗೆ ಹೋಗಿಬಿಡುತ್ತದೆ. ಹಾಡುಗಳಾಗಿ ಇದು ಮೇಲು, ಆಲ್ಬಮ್ಮಾಗಿ ‘ಲೈಫ್ ಪರ್ಸ್ಯೂಟ್’ ಒಗ್ಗಟ್ಟಾಗಿದೆ.

ಕ್ಲೈಡ್‌ತೀರ

‘ಸ್ಟೇ ಲೂಸ್’ ಅನ್ನು ದೋಷವೆಂದು ಎಣಿಸಬೇಡಿ. ಮುಂದೆ ಬ್ಯಾಂಡ್ ಹೋದ ದಾರಿಯ ಮೊದಲ ಕಲ್ಲು ಅದು. ನೀವು ಹೊಗಳಿದ ‘ಲೈಫ್ ಪರ್ಸ್ಯೂಟ್’ ಬೆಳೆದದ್ದು ಅಲ್ಲಿಂದಲೇ. ಒಗ್ಗಟ್ಟು ಕಡಿಮೆ ಎಂಬುದನ್ನು ಒಪ್ಪುತ್ತೇನೆ. ‘ಯು ಡೋಂಟ್ ಸೆಂಡ್ ಮಿ’ ಮತ್ತು ‘ಇಫ್ ಯು ಫೈಂಡ್ ಯುವರ್‌ಸೆಲ್ಫ್ ಕಾಟ್ ಇನ್ ಲವ್’ ಇಬ್ಬರು ನಿರ್ಮಾಪಕರ ಕೆಲಸದಂತೆ ಕೇಳುತ್ತವೆ. ಆದರೆ ಎರಡನೆಯದರಲ್ಲಿ ಪಿಯಾನೋ ಹಿಡಿದಿಡುವ ಓಟ, ಹಿನ್ನೆಲೆ ದನಿಗಳು ಸೇರುವ ಹೊತ್ತು — ಮನವೊಲಿಸುವ ಹಾಡಿಗೆ ಅಷ್ಟು ಆತ್ಮವಿಶ್ವಾಸದ ಧ್ವನಿ ಬೇಕೇ ಬೇಕು. ಪ್ರಾರ್ಥನೆ ಮಾಡು ಎಂದು ನೇರವಾಗಿ ಹೇಳುವ ಹಾಡನ್ನು ಮುಜುಗರದ ದನಿಯಲ್ಲಿ ಹಾಡಲಾಗದು.

ಟೇಪ್‌ಹಿಸ್

ಆ ಹಾಡಿನ ಮಟ್ಟಿಗೆ ಬಿಟ್ಟುಕೊಡುತ್ತೇನೆ. ‘ಆಫೀಸ್’ ಹಾಡಿನ ನಡುವೆ ಲಯ ಸಡಿಲಿಸಿ ದನಿಗಳಿಗಷ್ಟೇ ಜಾಗ ಬಿಡುವ ಭಾಗವೂ ಚೆನ್ನಾಗಿದೆ. ‘ಲಾರ್ಡ್ ಆಂಟನಿ’ ಬಗ್ಗೆ ಮಾತ್ರ ಜಗ್ಗುವುದಿಲ್ಲ.

ಗಾಳಿಕೊಳವೆ

ಮಂದ್ರಸ್ಥಾಯಿ ಅವರಿಗೆ ಪ್ರಶ್ನೆ. ನಾವು ನಾಲ್ಕು ಜನರ ಬ್ಯಾಂಡ್, ಮನೆ ಸ್ಟುಡಿಯೋ, ಮೆಲುದನಿಯ ಗಾಯಕಿ, ಒಬ್ಬನೇ ಟ್ರಂಪೆಟ್ ವಾದಕ. ಈ ಆಲ್ಬಮ್ಮಿನ ಥರದ ತುಂಬಿದ, ಆದರೆ ಪದ ಕೇಳುವ ಮಿಕ್ಸ್ ಬೇಕು. ಎಲ್ಲಿಂದ ಶುರು?

ಮಂದ್ರಸ್ಥಾಯಿ

ಮೈಕಿಗಿಂತ ಮೊದಲು ಪೆನ್ಸಿಲ್. ಸಾಹಿತ್ಯವನ್ನು ಒಂದು ಹಾಳೆಯಲ್ಲಿ ಮಾತ್ರೆ ಲೆಕ್ಕಕ್ಕೆ ಬರೆದು, ಗಾಯಕಿ ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಗುರುತು ಮಾಡಿ. ಟ್ರಂಪೆಟ್ಟಿಗೆ ಆ ಜಾಗಗಳು ಮಾತ್ರ. ಪಲ್ಲವಿಯ ಎರಡನೇ ಸುತ್ತಿನವರೆಗೆ ಟ್ರಂಪೆಟ್ಟನ್ನು ತಡೆದಿಟ್ಟರೆ ಇನ್ನೂ ಒಳ್ಳೆಯದು.

ಲಯಕ್ಕೆ ಮೆಟ್ರೊನೋಮ್ ಇಡಿ, ಆದರೆ ಇಡೀ ಹಾಡಿಗೆ ಒಂದೇ ವೇಗ ಕಟ್ಟಬೇಡಿ. ಚರಣ 118, ಪಲ್ಲವಿ 120 ಎಂದು ಎರಡು ಬಿಪಿಎಂ (ನಿಮಿಷಕ್ಕೆ ಬೀಟ್) ಏರಿಸಿದರೂ ಹಾಡು ಉಸಿರಾಡುತ್ತದೆ. ಮೊದಲು ಡ್ರಮ್ಸ್ ಮತ್ತು ಬೇಸ್ ಒಟ್ಟಿಗೆ, ಗಾಯಕಿ ಬೇರೆ ಕೋಣೆಯಲ್ಲಿ ದಾರಿ ತೋರಿಸಲು ಹಾಡುತ್ತಿರಲಿ. ಡ್ರಮ್ಸ್ ಮುಗಿದ ಮೇಲೆ ಪ್ರತಿ ಹೊಡೆತವನ್ನೂ ಕಂಪ್ಯೂಟರಿನ ಗೆರೆಗೆ ಎಳೆದು ಕೂರಿಸುವ ಆಸೆ ಬರುತ್ತದೆ. ಕಿವಿಗೆ ಚುಚ್ಚುವುದನ್ನು ಮಾತ್ರ ಸರಿಸಿ. ಎಲ್ಲವನ್ನೂ ಕೂರಿಸಿದರೆ ಬೇಸ್ ವಾದಕ ಡ್ರಮ್ಮರಿನ ಜೊತೆ ನುಡಿಸಿದ್ದು ವ್ಯರ್ಥ, ಈಗ ಅವನೇ ತಪ್ಪಿದಂತೆ ಕೇಳುತ್ತದೆ.

ಗಾಯನ ಕೊನೆಗೆ, ಒಂಟಿಯಾಗಿ. ಮೈಕಿನಿಂದ 15–20 ಸೆಂಟಿಮೀಟರ್, ನಡುವೆ ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯುವ ಜಾಲರಿ). ಗಾಯಕಿಯ ಬೆನ್ನ ಹಿಂದೆ ದಪ್ಪ ರಜಾಯಿ ನೇತುಹಾಕಿ, ಬರೀ ಗೋಡೆ ಇದ್ದರೆ ಮೆಲುದನಿಗೆ ಕೋಣೆಯ ಪ್ರತಿಧ್ವನಿ ಅಂಟುತ್ತದೆ. ನಾಲ್ಕೈದು ಪೂರ್ತಿ ಹಾಡಿಕೆ ತೆಗೆದು, ಸಾಲು ಸಾಲಾಗಿ ಒಳ್ಳೆಯದನ್ನು ಆರಿಸಿ. ಪದ ಪದವಾಗಿ ಆರಿಸಿದರೆ ಉಸಿರಿನ ಓಟ ಕಡಿಯುತ್ತದೆ. 80–100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಒಂದೇ ಕಂಪ್ರೆಸರಿನಿಂದ 8 ಡೆಸಿಬೆಲ್ ಒತ್ತುವ ಬದಲು ಎರಡು ಕಂಪ್ರೆಸರಿನಿಂದ ತಲಾ 3–4 ಒತ್ತಿ. ಅದಕ್ಕೂ ಮೊದಲು ಕೈಯಿಂದಲೇ ಸಾಲುಗಳ ಮಟ್ಟ ಏರಿಸಿ ಇಳಿಸಿ ಸರಿಮಾಡಿದರೆ ಕಂಪ್ರೆಸರಿಗೆ ಕೆಲಸವೇ ಕಡಿಮೆ. ಆಟ್ಯಾಕ್ (ಕಂಪ್ರೆಸರ್ ಒತ್ತಲು ತೆಗೆದುಕೊಳ್ಳುವ ಸಮಯ) 10 ಮಿಲಿಸೆಕೆಂಡಿಗಿಂತ ಕಡಿಮೆ ಇಟ್ಟರೆ ವ್ಯಂಜನಗಳು ಮೊಂಡಾಗುತ್ತವೆ, ಆಗ ಪದ ಕೇಳುವುದಿಲ್ಲ ಎಂದು ಮತ್ತೆ ದನಿ ಏರಿಸುತ್ತಾ ಹೋಗುತ್ತೀರಿ.

ರಿವರ್ಬ್ (ಕೋಣೆಯ ಗುಂಯ್‌ಗುಡಿಕೆಯಂಥ ಪರಿಣಾಮ) ಹಾಕುವಾಗ ಅದು ಶುರುವಾಗುವ ಮುಂಚಿನ ತಡ, ಅಂದರೆ ಪ್ರೀಡಿಲೇ, 20–40 ಮಿಲಿಸೆಕೆಂಡ್ ಕೊಡಿ, ಪದ ಮೊದಲು ಬಂದು ಗುಂಯ್ ಆಮೇಲೆ ಬರುತ್ತದೆ. ಡಿಲೇಗೆ (ಧ್ವನಿ ತಡವಾಗಿ ಮರುಕಳಿಸುವ ಪರಿಣಾಮ) ಲೆಕ್ಕ ಸುಲಭ: 60,000ವನ್ನು ಬಿಪಿಎಂನಿಂದ ಭಾಗಿಸಿ. 120ಕ್ಕೆ ಒಂದು ಬೀಟ್ 500 ಮಿಲಿಸೆಕೆಂಡ್.

ತಂತಿಬಿಲ್ಲು

ದನಿಯ ಮೇಲೆ ಅದೇ ದನಿ ಎರಡನೇ ಸಲ ಹಾಡಿಸುವುದಾದರೆ ಪಲ್ಲವಿಗೆ ಮಾತ್ರ ಸಾಕು. ಎರಡನೆಯದರಲ್ಲಿ ಸಾಲಿನ ಕೊನೆಯ ‘ಸ್’, ‘ಟ್’ ಮೆಲ್ಲಗೆ ಬಿಟ್ಟುಬಿಡಲು ಗಾಯಕಿಗೆ ಹೇಳಿ. ಎರಡು ‘ಟ್’ ಹಿಂದೆ ಮುಂದೆ ಬಿದ್ದರೆ ಎಷ್ಟು ಒಳ್ಳೆಯ ಮಿಕ್ಸ್ ಆದರೂ ಅಭ್ಯಾಸವಿಲ್ಲದವರ ಕೆಲಸದಂತೆ ಕೇಳುತ್ತದೆ. ಎರಡನೇ ದನಿ ಮೊದಲನೆಯದಕ್ಕಿಂತ 6–8 ಡೆಸಿಬೆಲ್ ಕೆಳಗಿರಲಿ.

ಗಾಳಿಕೊಳವೆ

ಒಂದೇ ಟ್ರಂಪೆಟ್ಟನ್ನು ಮೂರು ಮಾಡುವುದು?

ಮಂದ್ರಸ್ಥಾಯಿ

ಒಂದೇ ಮುದ್ರಣವನ್ನು ನಕಲು ಮಾಡಿ ಸ್ವಲ್ಪ ಸರಿಸಿಟ್ಟರೆ ಮೂರು ಆಗುವುದಿಲ್ಲ, ಒಂದೇ ಟ್ರಂಪೆಟ್ ಕೊಳವೆಯೊಳಗೆ ಬಿದ್ದಂತೆ ಆಗುತ್ತದೆ. ಮೂರು ಸಲ ನುಡಿಸಲೇಬೇಕು. ಮೊದಲ ಸಲ ಮೈಕಿನಿಂದ ಒಂದು ಮೀಟರ್, ಎರಡನೇ ಸಲ ಒಂದೂವರೆ ಮೀಟರ್ ಹಿಂದೆ, ಮೂರನೇ ಸಲ ಮೈಕಿನ ಪಕ್ಕಕ್ಕೆ ಸರಿದು. ನಿಂತ ಜಾಗ ಬದಲಿಸದಿದ್ದರೆ ಕೋಣೆಯ ಅದೇ ಗುಣ ಮೂರು ಪಟ್ಟು ಸೇರಿ ಮೂಗಿನಿಂದ ನುಡಿಸಿದಂತೆ ಕೇಳುತ್ತದೆ. ಮೂರಕ್ಕೂ ಒಂದೇ ಸ್ವರ ಕೊಡಬೇಡಿ: ಒಂದಕ್ಕೆ ರಾಗ, ಒಂದಕ್ಕೆ ಕೆಳಗಿನ ಮೂರನೇ ಸ್ವರ, ಇನ್ನೊಂದಕ್ಕೆ ಕೆಳಗಿನ ಸ್ಥಾಯಿಯಲ್ಲಿ ಅದೇ ರಾಗ. ತುಟಿ ದಣಿಯುವ ಮೊದಲು ಮೇಲಿನ ಭಾಗ ಮುದ್ರಿಸಿ, ಕೆಳಗಿನದು ಕೊನೆಗೆ. ಮಿಕ್ಸ್ ಆದ ಮೇಲೆ ಒಮ್ಮೆ ಮೋನೋ (ಎಡ ಬಲ ಎರಡನ್ನೂ ಒಂದೇ ಮಾಡುವ) ಗುಂಡಿ ಒತ್ತಿ ಕೇಳಿ. ಟ್ರಂಪೆಟ್ ತೆಳ್ಳಗಾಗಿ ಹಿಂದೆ ಹೋದರೆ ಮೂರರಲ್ಲಿ ಯಾವುದೋ ಒಂದು ಇನ್ನೊಂದನ್ನು ಕಳೆಯುತ್ತಿದೆ. ಒಂದೊಂದನ್ನೇ ಮ್ಯೂಟ್ ಮಾಡಿ ಹುಡುಕಿ, ಅದನ್ನು ಮತ್ತೆ ನುಡಿಸಿ.